ಬಿಳಿ ರಕ್ತಕಣಗಳಿಗೆ ಸೆಲ್‌ಪ್ರೊಫೈಲರ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಸ್ಟೇನ್ ಮಾಡಿದ (ಬಣ್ಣ ಹಾಕಿದ) ರಕ್ತದ ಸ್ಮಿಯರ್‌ನ, ಅಂದರೆ ಸ್ಲೈಡ್ ಮೇಲೆ ತೆಳುವಾಗಿ ಹರಡಿದ ರಕ್ತದ, ಚಿತ್ರಗಳಲ್ಲಿ ಬಿಳಿ ರಕ್ತಕಣಗಳನ್ನು ಹುಡುಕಿ, ಅಳೆದು, ವಿಂಗಡಿಸಲು ಸೆಲ್‌ಪ್ರೊಫೈಲರ್ ಒದಗುತ್ತದೆಯೇ? ಅಳತೆಯ ಕೆಲಸಕ್ಕೆ ಇದರಷ್ಟು ನೆಚ್ಚಬಹುದಾದ ಉಚಿತ ತಂತ್ರಾಂಶ ಸಿಗುವುದು ಕಷ್ಟ. ಹುಡುಕುವ ಕೆಲಸಕ್ಕೆ ಅದನ್ನು ಚೆನ್ನಾಗಿ ಪಳಗಿಸಿಕೊಳ್ಳಬೇಕು. ಹಾಗೇ ಓಡಿಸಿದರೆ ಒಂದೇ ನ್ಯೂಟ್ರೋಫಿಲ್ (ತುಂಡುತುಂಡಾಗಿ ಕಾಣುವ ನ್ಯೂಕ್ಲಿಯಸ್ ಇರುವ ಬಿಳಿ ಕಣ) ಮೂರಾಗಿ ಎಣಿಕೆಗೆ ಬರುತ್ತದೆ. ವಿಂಗಡಣೆಯಲ್ಲಿ ಐದು ಸಾಮಾನ್ಯ ಬಗೆಗಳ (ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೊಸೈಟ್, ಇಯೊಸಿನೊಫಿಲ್, ಬೇಸೊಫಿಲ್) ಮಟ್ಟಿಗೆ ಒಳ್ಳೆಯ ಫಲ ಕೊಡುತ್ತದೆ, ಅದರಾಚೆಗೆ ಇಲ್ಲ. ರೋಗಿಯ ವರದಿಗೆ ಇದನ್ನು ಬಳಸುವಂತಿಲ್ಲ. ಇದು ಸಂಶೋಧನೆಗೂ ಕಲಿಕೆಗೂ ಇರುವ ಸಲಕರಣೆ. ಇಲ್ಲಿ ಹೇಳಿರುವುದು 4.2 ಸರಣಿಯ ಬಗ್ಗೆ.

ಆನ್ ಕಾರ್ಪೆಂಟರ್ ಮತ್ತು ಥೂಯಿಸ್ ಜೋನ್ಸ್ ಶುರುಮಾಡಿದ ಈ ತಂತ್ರಾಂಶದ ಮೊದಲ ಪ್ರಬಂಧ ಬಂದದ್ದು 2006ರಲ್ಲಿ. ಈಗ ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಇದನ್ನು ನೋಡಿಕೊಳ್ಳುತ್ತದೆ. ಮೊದಲು ಮ್ಯಾಟ್‌ಲ್ಯಾಬ್‌ನಲ್ಲಿದ್ದದ್ದನ್ನು ಆಮೇಲೆ ಪೈಥಾನ್‌ನಲ್ಲಿ ಹೊಸದಾಗಿ ಬರೆದರು. ಮೂಲ ಕೋಡ್ ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಮುಕ್ತವಾಗಿದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಮಾಡ್ಯೂಲ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ ಪೈಪ್‌ಲೈನ್ ಕಟ್ಟಬಹುದು. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಇದು ಬೆಳೆದದ್ದು ಫ್ಲೋರೊಸೆನ್ಸ್ ಚಿತ್ರಗಳ ಜೊತೆ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ದುಂಡು ನ್ಯೂಕ್ಲಿಯಸ್, ಅದೂ ಸಣ್ಣದು ಎಂಬುದೇ ಇದರ ಎಲ್ಲ ಡಿಫಾಲ್ಟ್‌ಗಳ ಹಿಂದಿರುವ ಊಹೆ. ರಕ್ತದ ಸ್ಮಿಯರ್‌ನಲ್ಲಿ ಈ ಮೂರೂ ತಲೆಕೆಳಗು. ಹಿನ್ನೆಲೆ ಬೆಳ್ಳಗೆ, ನ್ಯೂಕ್ಲಿಯಸ್ ಕಪ್ಪಗೆ, ಆಕಾರ ಹಾಲೆಹಾಲೆಯಾಗಿ, ಗಾತ್ರ ದೊಡ್ಡದಾಗಿ. ಮುಂದೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಚಿತ್ರ ಸರಿಯಿರದಿದ್ದರೆ ಮುಂದಿನದೆಲ್ಲ ವ್ಯರ್ಥ

ತಂತ್ರಾಂಶ ತೆರೆಯುವ ಮೊದಲು ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಎಂದು ಲೆಕ್ಕ ಹಾಕಿಕೊಳ್ಳಬೇಕು. 100 ಪಟ್ಟಿನ ಆಯಿಲ್ ಇಮ್ಮರ್ಶನ್ ಲೆನ್ಸ್, ಕ್ಯಾಮೆರಾಗೆ 0.5 ಪಟ್ಟಿನ ಅಡಾಪ್ಟರ್, ಸೆನ್ಸರ್‌ನ ಪಿಕ್ಸೆಲ್ 3.45 ಮೈಕ್ರಾನ್ ಎಂದಿಟ್ಟುಕೊಳ್ಳಿ. 3.45ನ್ನು 50ರಿಂದ ಭಾಗಿಸಿದರೆ 0.069 ಮೈಕ್ರಾನ್. ಇದನ್ನು ಸ್ಟೇಜ್ ಮೈಕ್ರೋಮೀಟರ್ (ಅಳತೆಯ ಗೆರೆಗಳಿರುವ ಸ್ಲೈಡ್) ಇಟ್ಟು ಖಚಿತಪಡಿಸಿಕೊಳ್ಳಬೇಕು. 10 ಮೈಕ್ರಾನಿನ ಒಂದು ಮನೆಗೆ ಸುಮಾರು 145 ಪಿಕ್ಸೆಲ್ ಬಂದರೆ ಲೆಕ್ಕ ಸರಿ. ಈ ಅಳತೆಯಲ್ಲಿ 7.5 ಮೈಕ್ರಾನಿನ ಕೆಂಪು ರಕ್ತಕಣ ಸುಮಾರು 109 ಪಿಕ್ಸೆಲ್ ಅಗಲ, 13 ಮೈಕ್ರಾನಿನ ನ್ಯೂಟ್ರೋಫಿಲ್ ಸುಮಾರು 190 ಪಿಕ್ಸೆಲ್. ಐಡೆಂಟಿಫೈ ಪ್ರೈಮರಿ ಆಬ್ಜೆಕ್ಟ್ಸ್ ಮಾಡ್ಯೂಲ್‌ನಲ್ಲಿ ವ್ಯಾಸದ ಡಿಫಾಲ್ಟ್ 10ರಿಂದ 40 ಪಿಕ್ಸೆಲ್. ಅದನ್ನು ಮುಟ್ಟದೆ ಓಡಿಸಿದರೆ ಬಿಳಿ ಕಣಗಳೆಲ್ಲ ಹೊರಗುಳಿದು ಪ್ಲೇಟ್‌ಲೆಟ್‌ಗಳೂ ಸ್ಟೇನ್‌ನ ಕಸವೂ ಮಾತ್ರ ಆಯ್ಕೆಯಾಗುತ್ತವೆ. "ಈ ಸಾಫ್ಟ್‌ವೇರ್ ಕೆಲಸ ಮಾಡುವುದಿಲ್ಲ" ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಈ ಒಂದು ಪೆಟ್ಟಿಗೆಯೇ ಕಾರಣ.

1.25 ಎನ್‌ಎ (ಲೆನ್ಸ್ ಬೆಳಕನ್ನು ಎಷ್ಟು ಅಗಲದಿಂದ ಹಿಡಿಯುತ್ತದೆ ಎಂಬ ಅಳತೆ) ಇರುವ ಲೆನ್ಸ್‌ಗೆ ಹಸಿರು ಬೆಳಕಿನಲ್ಲಿ ಬೇರ್ಪಡಿಸಿ ಕಾಣುವ ಮಿತಿ ಸುಮಾರು 0.27 ಮೈಕ್ರಾನ್. ಆದ್ದರಿಂದ ಪಿಕ್ಸೆಲ್ 0.13 ಮೈಕ್ರಾನ್‌ವರೆಗೆ ಇದ್ದರೂ ವಿವರ ಕಳೆದುಹೋಗುವುದಿಲ್ಲ. 0.069ರ ಚಿತ್ರವನ್ನು ರೀಸೈಜ್ ಮಾಡ್ಯೂಲ್‌ನಲ್ಲಿ ಅರ್ಧಕ್ಕೆ ಇಳಿಸಿದರೆ ಆ ಗಡಿಯ ಹತ್ತಿರವೇ ನಿಲ್ಲುತ್ತದೆ, ಓಡುವ ಸಮಯವೂ ಬಹಳ ಉಳಿಯುತ್ತದೆ. 40 ಪಟ್ಟಿನ, 0.65 ಎನ್‌ಎಯ ಒಣ ಲೆನ್ಸ್‌ನಲ್ಲಿ ಆ ಮಿತಿ ಅರ್ಧ ಮೈಕ್ರಾನ್‌ಗೆ ಬರುತ್ತದೆ. ಎಣಿಕೆಗೆ, ನ್ಯೂಕ್ಲಿಯಸ್‌ನ ಆಕಾರಕ್ಕೆ ಅದು ಸಾಕು, ಕಣದೊಳಗಿನ ಪುಟ್ಟ ಕಾಳುಗಳಾದ ಗ್ರಾನ್ಯೂಲ್‌ಗಳಿಗೆ ಸಾಲದು. ಇನ್ನೊಂದು ವಿಷಯ: 40 ಪಟ್ಟಿನ ಸಾಮಾನ್ಯ ಲೆನ್ಸ್ ತಯಾರಾಗಿರುವುದು 0.17 ಮಿಲಿಮೀಟರ್ ಕವರ್‌ಸ್ಲಿಪ್ ಇರುತ್ತದೆ ಎಂಬ ಲೆಕ್ಕದಲ್ಲಿ. ಕವರ್‌ಸ್ಲಿಪ್ ಹಾಕದ ಸ್ಮಿಯರ್‌ನಲ್ಲಿ ಎಷ್ಟು ಫೋಕಸ್ ಮಾಡಿದರೂ ತೆಳುವಾದ ಮಬ್ಬು ಉಳಿದೇ ಇರುತ್ತದೆ.

ಚಿತ್ರವನ್ನು ಟಿಫ್ ಅಥವಾ ಪಿಎನ್‌ಜಿಯಲ್ಲಿ ಉಳಿಸಬೇಕು. ಜೆಪೆಗ್ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಒರಟಾಗಿ ಇಟ್ಟುಕೊಳ್ಳುತ್ತದೆ, ಜೊತೆಗೆ ಚಿತ್ರವನ್ನು 8×8 ಪಿಕ್ಸೆಲ್ ತುಂಡುಗಳಾಗಿ ಕತ್ತರಿಸಿ ಅದುಮುತ್ತದೆ. ಇಯೊಸಿನೊಫಿಲ್‌ನ ಕಿತ್ತಳೆ ಗ್ರಾನ್ಯೂಲ್‌ಗಳನ್ನು ಗುರುತಿಸಲು ಬೇಕಾದದ್ದೇ ಆ ಬಣ್ಣ. ಕ್ಯಾಮೆರಾದ ಆಟೊ ಎಕ್ಸ್‌ಪೋಷರ್, ಆಟೊ ವೈಟ್ ಬ್ಯಾಲೆನ್ಸ್ ಎರಡನ್ನೂ ನಿಲ್ಲಿಸಿ, ಸ್ಲೈಡ್‌ನ ಖಾಲಿ ಜಾಗದಲ್ಲಿ ಒಮ್ಮೆ ಹೊಂದಿಸಿ ಬೀಗ ಹಾಕಬೇಕು. ಇಲ್ಲದಿದ್ದರೆ ದೊಡ್ಡ ಮೊನೊಸೈಟ್ ಬಂದ ಚಿತ್ರ ತಾನೇ ಬೆಳಗಾಗುತ್ತದೆ, ಆ ಚಿತ್ರದ ಅಳತೆಗಳನ್ನು ಮತ್ತೊಂದರ ಜೊತೆ ಹೋಲಿಸಲು ಬರುವುದಿಲ್ಲ.

12 ಬಿಟ್ ಕ್ಯಾಮೆರಾ ಬಳಸುವವರಿಗೆ ಮತ್ತೊಂದು ಬಲೆಯಿದೆ. 12 ಬಿಟ್ ಮೌಲ್ಯಗಳನ್ನು 16 ಬಿಟ್ ಕಡತದಲ್ಲಿ ಇಟ್ಟಾಗ, ತಂತ್ರಾಂಶ 65,535ನ್ನು ಗರಿಷ್ಠವೆಂದು ತಿಳಿದು ಭಾಗಿಸಿದರೆ ಚಿತ್ರದ ಅತಿ ಬೆಳಕಿನ ಜಾಗವೂ 0.0625 ದಾಟುವುದಿಲ್ಲ. ನೇಮ್ಸ್ ಆಂಡ್ ಟೈಪ್ಸ್ ಮಾಡ್ಯೂಲ್‌ನಲ್ಲಿ ಗರಿಷ್ಠವನ್ನು 4095 ಎಂದು ಕೈಯಾರೆ ಕೊಟ್ಟರೆ ಸರಿಹೋಗುತ್ತದೆ. ಅಲ್ಲಿಯೇ ಚಿತ್ರದ ಬಗೆ 'ಕಲರ್' ಎಂದಿದೆಯೇ ನೋಡಿ. 'ಗ್ರೇಸ್ಕೇಲ್' ಎಂದಿದ್ದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚಾನೆಲ್‌ಗಳು ಸದ್ದಿಲ್ಲದೆ ಒಂದಾಗಿಬಿಡುತ್ತವೆ.

ಸ್ಟೇನ್ ಬಗ್ಗೆ ಚುಟುಕಾಗಿ ಹೇಳುವುದಾದರೆ, ಬಫರ್‌ನ ಪಿಎಚ್ 6.8ರ ಸುತ್ತ ಇರಲಿ. ಆಮ್ಲದ ಕಡೆ ವಾಲಿದರೆ ಎಲ್ಲವೂ ಗುಲಾಬಿಯಾಗಿ ನ್ಯೂಕ್ಲಿಯಸ್ ಮಂಕಾಗುತ್ತದೆ, ಕ್ಷಾರದ ಕಡೆ ವಾಲಿದರೆ ನೀಲಿ ಹೆಚ್ಚಾಗಿ ಗ್ರಾನ್ಯೂಲ್‌ಗಳ ಬಣ್ಣದ ಅಂತರ ಮುಚ್ಚಿಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಗಂಟೆಗಟ್ಟಲೆ ಕುಳಿತ ರಕ್ತದಲ್ಲಿ ಕಣಗಳು ಊದಿ, ಗುಳ್ಳೆಗಟ್ಟಿ, ನ್ಯೂಕ್ಲಿಯಸ್‌ನ ಆಕಾರ ಕೆಟ್ಟಿರುತ್ತದೆ. ಯಾವ ಮಾಡ್ಯೂಲೂ ಇದನ್ನು ತಿದ್ದಲಾರದು.

ಯಾವ ಚಾನೆಲ್, ಯಾವ ಥ್ರೆಷೋಲ್ಡ್

ಈ ವಿಮರ್ಶೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ರೊಮನೋವ್‌ಸ್ಕಿ ಗುಂಪಿನ ಸ್ಟೇನ್‌ಗಳಲ್ಲಿ, ಅಂದರೆ ಲೀಶ್‌ಮನ್, ರೈಟ್, ಜೀಮ್ಸಾ, ಮೇ-ಗ್ರೂನ್‌ವಾಲ್ಡ್ ಇವುಗಳಲ್ಲಿ, ಇಯೊಸಿನ್ ಹಸಿರು ಬೆಳಕನ್ನು ಹೀರುತ್ತದೆ, ಅಜೂರ್ ಬಿ ಕೆಂಪು ಬೆಳಕನ್ನು ಹೀರುತ್ತದೆ. ಎರಡೂ ಸೇರಿ ನೇರಳೆಯಾದ ನ್ಯೂಕ್ಲಿಯಸ್ ಹಸಿರು ಚಾನೆಲ್‌ನಲ್ಲಿ ಅತ್ಯಂತ ಕಪ್ಪಾಗಿ ಕಾಣುತ್ತದೆ. ಕೆಂಪು ರಕ್ತಕಣವೂ ಹಸಿರಿನಲ್ಲಿ ಕಪ್ಪಾಗಿಯೇ ಕಾಣುತ್ತದೆ, ಆದರೆ ಅಷ್ಟು ಅಲ್ಲ. ಕೆಂಪು ಚಾನೆಲ್‌ನಲ್ಲಿ ಕೆಂಪು ರಕ್ತಕಣ ಬಹುಪಾಲು ಮಾಯವಾಗುತ್ತದೆ, ಲಿಂಫೋಸೈಟ್‌ನ ನೀಲಿ ಸೈಟೋಪ್ಲಾಸಂ ಉಳಿಯುತ್ತದೆ. ಹಾಗಾಗಿ ನ್ಯೂಕ್ಲಿಯಸ್‌ಗೆ ಹಸಿರು, ನೀಲಿ ಸೈಟೋಪ್ಲಾಸಂಗೆ ಕೆಂಪು ಎಂದು ಹಂಚಿಕೊಳ್ಳುವುದು ಒಳ್ಳೆಯದು. ಬಣ್ಣವನ್ನು ಛಾಯೆ, ಗಾಢತೆ, ಬೆಳಕು ಎಂದು ಒಡೆಯುವ ಎಚ್‌ಎಸ್‌ವಿಯ ಸ್ಯಾಚುರೇಶನ್ (ಗಾಢತೆ) ಚಾನೆಲ್‌ನಲ್ಲಿ ನ್ಯೂಕ್ಲಿಯಸ್ ತಾನಾಗಿಯೇ ಹೊಳೆಯುತ್ತದೆ, ತಿರುಗಿಸುವ ಗೊಡವೆಯಿಲ್ಲ. ಆದರೆ ತುಂಬ ಕಪ್ಪಾದ ಜಾಗಗಳಲ್ಲಿ ಅಲ್ಲಿ ಗದ್ದಲ ಹೆಚ್ಚು, ಇಯೊಸಿನ್ ಜಾಸ್ತಿಯಾದ ಸ್ಲೈಡ್‌ನಲ್ಲಿ ಕೆಂಪು ಕಣಗಳೂ ಅದೇ ಮಟ್ಟಕ್ಕೆ ಏರುತ್ತವೆ.

ಕ್ರಮ ಹೀಗೆ. ಕಲರ್ ಟು ಗ್ರೇ ಮಾಡ್ಯೂಲ್‌ನಿಂದ ಮೂರು ಚಾನೆಲ್‌ಗಳನ್ನು ಬೇರೆ ಮಾಡಿ. ಅದೇ ಸ್ಲೈಡ್‌ನ ಖಾಲಿ ಜಾಗದ ಕೆಲವು ಚಿತ್ರಗಳಿಂದ ಪಡೆದ ಹಿನ್ನೆಲೆಯಿಂದ ಪ್ರತಿ ಚಾನೆಲ್‌ನ್ನೂ ಕರೆಕ್ಟ್ ಇಲ್ಯುಮಿನೇಶನ್ ಅಪ್ಲೈನಲ್ಲಿ ಭಾಗಿಸಿ. ಕಳೆಯಬೇಡಿ, ಭಾಗಿಸಿ, ಬೆಳಕು ಸ್ಲೈಡ್ ಮೂಲಕ ಹಾದುಬರುವಾಗ ಅಸಮತೆ ಗುಣಾಕಾರವಾಗಿ ಸೇರುತ್ತದೆ. ಬಳಿಕ ಇಮೇಜ್ ಮ್ಯಾತ್‌ನ ಇನ್ವರ್ಟ್‌ನಿಂದ ಹಸಿರು ಚಾನೆಲ್‌ನ್ನು ತಿರುಗಿಸಿ. ಐಡೆಂಟಿಫೈ ಪ್ರೈಮರಿ ಆಬ್ಜೆಕ್ಟ್ಸ್ ಹುಡುಕುವುದು ಹೊಳೆಯುವ ವಸ್ತುಗಳನ್ನು, ಆದ್ದರಿಂದ ಈ ಹೆಜ್ಜೆ ಬಿಟ್ಟರೆ ಕಣಗಳ ನಡುವಿನ ಖಾಲಿ ಜಾಗಗಳೇ 'ನ್ಯೂಕ್ಲಿಯಸ್' ಆಗಿ ಸಿಗುತ್ತವೆ.

ಥ್ರೆಷೋಲ್ಡ್‌ಗೆ, ಅಂದರೆ ವಸ್ತುವನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಬೆಳಕಿನ ಗಡಿಗೆ, ಓಟ್ಸು ವಿಧಾನದಲ್ಲಿ (ಆ ಗಡಿಯನ್ನು ಚಿತ್ರದಿಂದಲೇ ಲೆಕ್ಕ ಹಾಕುವ ಕ್ರಮ) ಎರಡಲ್ಲ, ಮೂರು ವರ್ಗ ಆರಿಸಿ, ನಡುವಿನ ವರ್ಗವನ್ನು ಹಿನ್ನೆಲೆಗೆ ಸೇರಿಸಬೇಕು. ಖಾಲಿ ಜಾಗ ಒಂದು, ಕೆಂಪು ಕಣಗಳೂ ಸೈಟೋಪ್ಲಾಸಂ ಕೂಡ ಒಂದು, ನ್ಯೂಕ್ಲಿಯಸ್ ಒಂದು ಎಂದು ಮೂರು ಮಟ್ಟಗಳು ನಿಜಕ್ಕೂ ಚಿತ್ರದಲ್ಲಿವೆ. ಬೆಳಕಿನ ಹಂಚಿಕೆಯ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಗೆರೆ ಎಳೆಯುವ ಆಲೋಚನೆ ಬಹಳ ಹಳೆಯದು. ಜೂಡಿತ್ ಪ್ರೂವಿಟ್ ಮತ್ತು ಮಾರ್ಟಿಮರ್ ಮೆಂಡೆಲ್‌ಸನ್ 1966ರಲ್ಲಿ ಅದನ್ನು ಬಳಸಿದ್ದು ಬಿಳಿ ರಕ್ತಕಣಗಳ ಚಿತ್ರಗಳ ಮೇಲೆಯೇ. ಓಟ್ಸು ವಿಧಾನ ಬಂದದ್ದು 1979ರಲ್ಲಿ. ಇಡೀ ಚಿತ್ರ ವಿಶ್ಲೇಷಣಾ ಶಾಸ್ತ್ರ ತನ್ನ ಎಳವೆಯಲ್ಲೇ ಈ ಕಣಗಳ ಮೇಲೆ ಕೈ ಪಳಗಿಸಿಕೊಂಡಿತು ಎಂಬುದು ಈ ಕೆಲಸ ಮಾಡುವವರಿಗೆ ಹೆಮ್ಮೆಯ ವಿಷಯವೇ.

ಆದರೆ ಓಟ್ಸು ವಿಧಾನಕ್ಕೆ ಒಂದು ದೌರ್ಬಲ್ಯವಿದೆ. ವರ್ಗಗಳ ಪಾಲು ತೀರ ಏರುಪೇರಾಗಿದ್ದರೆ ಗೆರೆ ದೊಡ್ಡ ವರ್ಗದ ಕಡೆ ಸರಿಯುತ್ತದೆ. 1920×1200 ಪಿಕ್ಸೆಲ್‌ನ ಚಿತ್ರ ಮೇಲಿನ ಅಳತೆಯಲ್ಲಿ ಸುಮಾರು 132×83 ಮೈಕ್ರಾನ್. ಅದರಲ್ಲಿ 60 ಚದರ ಮೈಕ್ರಾನಿನ ಒಂದು ನ್ಯೂಕ್ಲಿಯಸ್ ಇದ್ದರೆ ಒಟ್ಟು ವಿಸ್ತೀರ್ಣದ ಸುಮಾರು 0.5%. ಬಿಳಿ ಕಣವೇ ಇಲ್ಲದ ಚಿತ್ರದಲ್ಲಂತೂ ಗಾಢವಾದ ಕೆಂಪು ಕಣಗಳನ್ನೇ ನ್ಯೂಕ್ಲಿಯಸ್ ಎಂದು ಹಿಡಿದುಬಿಡುತ್ತದೆ. ಅಂಥ ಚಿತ್ರಗಳೇ ಹೆಚ್ಚು: ಒಂದು ಮೈಕ್ರೊಲೀಟರ್‌ನಲ್ಲಿ 50 ಲಕ್ಷ ಕೆಂಪು ಕಣ, 7,000 ಬಿಳಿ ಕಣ ಎಂದರೆ ಒಂದು ಬಿಳಿಗೆ 700ಕ್ಕೂ ಹೆಚ್ಚು ಕೆಂಪು. ಚಿತ್ರಕ್ಕೆ ನೂರೈವತ್ತು ಕೆಂಪು ಕಣ ಬಿದ್ದರೆ ನಾಲ್ಕೈದು ಚಿತ್ರಕ್ಕೆ ಒಂದು ಬಿಳಿ ಕಣ. ಪರಿಹಾರ ಮಾಡ್ಯೂಲ್‌ನಲ್ಲೇ ಇದೆ, ಥ್ರೆಷೋಲ್ಡ್‌ನ ಕೆಳಮಿತಿ. ಟೆಸ್ಟ್ ಮೋಡ್‌ನಲ್ಲಿ ಬಿಳಿ ಕಣ ಇರುವ ಹತ್ತು ಒಳ್ಳೆಯ ಚಿತ್ರಗಳನ್ನು ಓಡಿಸಿ, ಪ್ರತಿ ಬಾರಿ ಬಂದ ಥ್ರೆಷೋಲ್ಡ್ ಬರೆದಿಟ್ಟು, ಅವುಗಳಲ್ಲಿ ಚಿಕ್ಕದಕ್ಕಿಂತ ತುಸು ಕೆಳಗೆ ಮಿತಿ ಇಡಬೇಕು. 0ರಿಂದ 1ರವರೆಗೆ ಬಿಟ್ಟಿರುವ ಡಿಫಾಲ್ಟ್ ಮಿತಿ ಈ ಕೆಲಸಕ್ಕೆ ಮಿತಿಯೇ ಅಲ್ಲ. ಸ್ಟೇನ್‌ನ ಬ್ಯಾಚ್ ಬದಲಾದಾಗ ಈ ಸಂಖ್ಯೆಯನ್ನೂ ಮತ್ತೆ ಕಂಡುಕೊಳ್ಳಬೇಕು.

ಹಾಲೆಗಳ ಕಾಟ

ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್‌ಗೆ 2ರಿಂದ 5 ಹಾಲೆಗಳು. ಅವುಗಳನ್ನು ಸೇರಿಸುವ ಎಳೆ ಥ್ರೆಷೋಲ್ಡ್‌ನಲ್ಲಿ ಉಳಿಯುವುದೇ ಅಪರೂಪ. ಡಿಕ್ಲಂಪಿಂಗ್ ಎಂಬ ಆಯ್ಕೆಯ ಕೆಲಸವೇ ಅಂಟಿಕೊಂಡ ವಸ್ತುಗಳನ್ನು ಬೇರ್ಪಡಿಸುವುದು, ಹಾಗಾಗಿ ಅದು ಉಳಿದ ಎಳೆಯನ್ನೂ ಕತ್ತರಿಸುತ್ತದೆ. ನ್ಯೂಟ್ರೋಫಿಲ್‌ಗಳ ಎಣಿಕೆ ಇಲ್ಲಿ ಎರಡು ಮೂರು ಪಟ್ಟು ಉಬ್ಬುತ್ತದೆ. ಡಿಕ್ಲಂಪಿಂಗ್ ನಿಲ್ಲಿಸುವುದು ಮೊದಲ ಹೆಜ್ಜೆ, ಅದೊಂದೇ ಸಾಲದು.

ಗಾತ್ರ ನೋಡಿ ಕಸ ತೆಗೆಯೋಣ ಎಂದರೆ ಇನ್ನೊಂದು ಕಗ್ಗಂಟು. ಪ್ಲೇಟ್‌ಲೆಟ್ 2ರಿಂದ 3 ಮೈಕ್ರಾನ್, ಬಿಡಿ ಹಾಲೆಯೂ ಹೆಚ್ಚುಕಡಿಮೆ 3 ಮೈಕ್ರಾನ್‌ನಿಂದಲೇ ಶುರು. ಬಣ್ಣವೂ ಒಂದೇ ನೇರಳೆ. ಮೊದಲ ಮಾಡ್ಯೂಲ್‌ನಲ್ಲೇ ಚಿಕ್ಕವನ್ನು ಬಿಸಾಡಿದರೆ ಹಾಲೆಗಳು ಹೋಗುತ್ತವೆ, ಇಟ್ಟುಕೊಂಡರೆ ಪ್ಲೇಟ್‌ಲೆಟ್‌ಗಳು ಉಳಿಯುತ್ತವೆ. ಆದ್ದರಿಂದ ಕ್ರಮ ಬದಲಿಸಬೇಕು: ವ್ಯಾಸದ ಮಿತಿಯ ಹೊರಗಿನದನ್ನು ಕೈಬಿಡುವ ಆಯ್ಕೆಯನ್ನು ನಿಲ್ಲಿಸಿ ಎಲ್ಲವನ್ನೂ ಹಿಡಿಯಿರಿ, ಹಾಲೆಗಳನ್ನು ಒಂದಾಗಿಸಿ, ಆಮೇಲೆ ಮೆಷರ್ ಆಬ್ಜೆಕ್ಟ್ ಸೈಜ್ ಶೇಪ್ ಓಡಿಸಿ ಫಿಲ್ಟರ್ ಆಬ್ಜೆಕ್ಟ್ಸ್‌ನಲ್ಲಿ ವಿಸ್ತೀರ್ಣದ ಕೆಳಮಿತಿ ಹಾಕಿ. 0.069 ಮೈಕ್ರಾನಿನ ಪಿಕ್ಸೆಲ್‌ಗೆ ಒಂದು ಚದರ ಮೈಕ್ರಾನ್ ಎಂದರೆ ಸುಮಾರು 210 ಪಿಕ್ಸೆಲ್. 20 ಚದರ ಮೈಕ್ರಾನ್‌ನ ಮಿತಿ, ಅಂದರೆ 4,200 ಪಿಕ್ಸೆಲ್, ಶುರುಮಾಡಲು ಒಳ್ಳೆಯ ಸಂಖ್ಯೆ. 3 ಮೈಕ್ರಾನಿನ ಪ್ಲೇಟ್‌ಲೆಟ್‌ನ ವಿಸ್ತೀರ್ಣ ಸುಮಾರು 7 ಚದರ ಮೈಕ್ರಾನ್ ಮಾತ್ರ.

ಒಂದಾಗಿಸಲು ಸ್ಪ್ಲಿಟ್ ಆರ್ ಮರ್ಜ್ ಆಬ್ಜೆಕ್ಟ್ಸ್ ಇದೆ. ದೂರದ ಆಧಾರದಲ್ಲಿ ಸೇರಿಸುವುದಾದರೆ 20 ಪಿಕ್ಸೆಲ್, ಅಂದರೆ ಸುಮಾರು 1.4 ಮೈಕ್ರಾನ್‌ನಿಂದ ಶುರುಮಾಡಬಹುದು. ಪಕ್ಕಪಕ್ಕದಲ್ಲಿ ಒತ್ತಿಕೊಂಡ ಎರಡು ಲಿಂಫೋಸೈಟ್‌ಗಳು ಇದರಲ್ಲಿ ಒಂದಾಗುವ ಅಪಾಯವಿದೆ. ಅದಕ್ಕಿಂತ ಗಟ್ಟಿಯಾದ ದಾರಿ ತಾಯಿ ವಸ್ತುವಿನ ಆಧಾರದಲ್ಲಿ ಸೇರಿಸುವುದು. ಮೊದಲು ಇಡೀ ಕೋಶದ ಗೆರೆ ಸಿಕ್ಕಿದ್ದರೆ, ರಿಲೇಟ್ ಆಬ್ಜೆಕ್ಟ್ಸ್‌ನಿಂದ ಹಾಲೆಗಳನ್ನು ಅವುಗಳ ಕೋಶಕ್ಕೆ ಹೊಂದಿಸಿ, ಒಂದು ಕೋಶದೊಳಗಿನ ಹಾಲೆಗಳನ್ನೆಲ್ಲ ಒಂದೇ ನ್ಯೂಕ್ಲಿಯಸ್ ಎನ್ನಬಹುದು. ಇದರಲ್ಲಿ ಒಂದು ಲಾಭವೂ ಇದೆ. ಕೋಶಕ್ಕೆ ಎಷ್ಟು ಹಾಲೆ ಎಂಬ ಸಂಖ್ಯೆ ತಾನಾಗಿ ಸಿಗುತ್ತದೆ, ವಿಂಗಡಣೆಗೆ ಅದು ಬಹಳ ಬೆಲೆಯುಳ್ಳ ಅಳತೆ.

ಇಡೀ ಕೋಶದ ಗೆರೆ ಹೇಗೆ? ತಂತ್ರಾಂಶದ ಸ್ವಂತ ದಾರಿಯಾದ ಐಡೆಂಟಿಫೈ ಸೆಕೆಂಡರಿ ಆಬ್ಜೆಕ್ಟ್ಸ್ ಇಲ್ಲಿ ನಿರಾಸೆ ಮಾಡುತ್ತದೆ. ನ್ಯೂಟ್ರೋಫಿಲ್‌ನ ಮಾಸಲು ಗುಲಾಬಿ ಸೈಟೋಪ್ಲಾಸಂ ಪಕ್ಕದ ಕೆಂಪು ಕಣಕ್ಕಿಂತ ಮಂಕು. ನ್ಯೂಕ್ಲಿಯಸ್‌ನಿಂದ ಹೊರಕ್ಕೆ ಹರಡುತ್ತ ಕೋಶದ ಅಂಚು ಹುಡುಕುವ ಪ್ರೊಪಗೇಶನ್ ವಿಧಾನ ಆ ಕೆಂಪು ಕಣದೊಳಕ್ಕೇ ಹರಿಯುತ್ತದೆ. ರೆಗ್ಯುಲರೈಸೇಶನ್ ಅಂಶದ ಡಿಫಾಲ್ಟ್ 0.05, ಅದನ್ನು ಏರಿಸಿದರೆ ಎರಡು ಕೋಶಗಳ ನಡುವಿನ ಗಡಿ ಬದಲಾಗುತ್ತದೆಯೇ ಹೊರತು ಹೊರಗಿನ ಹರಿವು ನಿಲ್ಲುವುದಿಲ್ಲ. ಎರಡು ಬದಲಿ ದಾರಿಗಳಿವೆ. ಇಲಾಸ್ಟಿಕ್ ತಂತ್ರಾಂಶದ ಪಿಕ್ಸೆಲ್ ಕ್ಲಾಸಿಫಿಕೇಶನ್‌ನಲ್ಲಿ ನ್ಯೂಕ್ಲಿಯಸ್, ಬಿಳಿ ಕಣದ ಸೈಟೋಪ್ಲಾಸಂ, ಕೆಂಪು ಕಣ, ಹಿನ್ನೆಲೆ ಎಂಬ ನಾಲ್ಕು ವರ್ಗಗಳಿಗೆ ಅಲ್ಲಲ್ಲಿ ಗೆರೆ ಎಳೆದು ಕಲಿಸಿ, ಬಂದ ಸಂಭಾವ್ಯತೆಯ ಚಿತ್ರಗಳನ್ನು ಸೆಲ್‌ಪ್ರೊಫೈಲರ್‌ಗೆ ಕೊಡುವುದು ಒಂದು. ಆ ಚಿತ್ರಗಳು ಹೊಳೆಯುವ ವಸ್ತು, ಕಪ್ಪು ಹಿನ್ನೆಲೆ ಎಂಬ ಅಪೇಕ್ಷೆಗೆ ಸರಿಯಾಗಿ ಕೂರುತ್ತವೆ. ಎರಡನೆಯದು ರನ್ ಸೆಲ್‌ಪೋಸ್ ಪ್ಲಗಿನ್. ಸೆಲ್‌ಪೋಸ್‌ನ ಸೈಟೊ ಮಾದರಿ ಕೆಂಪು ಕಣಗಳನ್ನೂ ಬಿಳಿ ಕಣಗಳನ್ನೂ ಕೂಡಿಯೇ ಗುರುತಿಸುತ್ತದೆ. ಒಳಗೆ ನ್ಯೂಕ್ಲಿಯಸ್ ಇರುವವನ್ನು ಮಾತ್ರ ಫಿಲ್ಟರ್ ಮಾಡಿದರೆ ಬಿಳಿ ಕಣಗಳು ಉಳಿಯುತ್ತವೆ. ವ್ಯಾಸವನ್ನು ನಮ್ಮ ಅಳತೆಗೆ ತಕ್ಕಂತೆ 150 ಪಿಕ್ಸೆಲ್‌ನ ಆಸುಪಾಸು ಕೊಡಬೇಕು. ಮಾದರಿ ಒಳಗೊಳಗೇ ಚಿತ್ರವನ್ನು 30 ಪಿಕ್ಸೆಲ್ ವ್ಯಾಸಕ್ಕೆ ಇಳಿಸಿಕೊಳ್ಳುತ್ತದೆ. ಸ್ಟಾರ್‌ಡಿಸ್ಟ್ ಪ್ಲಗಿನ್ ಕೂಡ ಇದೆ, ಆದರೆ ಅದು ಒಂದು ಒಳಬಿಂದುವಿನಿಂದ ಎಲ್ಲ ದಿಕ್ಕಿಗೂ ಅಡ್ಡಿಯಿಲ್ಲದೆ ಅಂಚು ಕಾಣುವ ಆಕಾರಗಳಿಗೆ ಮಾತ್ರ. ಇಡೀ ಕೋಶಕ್ಕೆ ಸರಿ, ಲಾಳದಂತೆ ಬಾಗಿದ ಮೊನೊಸೈಟ್‌ನ ನ್ಯೂಕ್ಲಿಯಸ್‌ಗೆ ಸಲ್ಲದು.

ಪ್ಲಗಿನ್ ಹಾಕುವ ಕೆಲಸವೇ ಈ ತಂತ್ರಾಂಶದ ಅತ್ಯಂತ ಒರಟು ಭಾಗ. ಮೌಸ್ ಹಿಡಿದು ಎಲ್ಲವನ್ನೂ ಮಾಡಬಹುದೆಂದು ಬಂದವರು ಇಲ್ಲಿ ಪೈಥಾನ್ ಪರಿಸರ ಅಥವಾ ಡಾಕರ್ ಜೊತೆ ಹೆಣಗಬೇಕಾಗುತ್ತದೆ. ಅದಕ್ಕೆ ಸಿದ್ಧರಿಲ್ಲದವರು ಇಲಾಸ್ಟಿಕ್ ದಾರಿ ಹಿಡಿಯುವುದು ಮೇಲು.

ಅಳತೆಗಳು: ಇಲ್ಲಿ ಇದರ ನಿಜವಾದ ಬಲ

ಕೋಶದಿಂದ ನ್ಯೂಕ್ಲಿಯಸ್ ಕಳೆದರೆ ಸೈಟೋಪ್ಲಾಸಂ. ಐಡೆಂಟಿಫೈ ಟರ್ಷರಿ ಆಬ್ಜೆಕ್ಟ್ಸ್ ಅದನ್ನು ಮಾಡಿಕೊಡುತ್ತದೆ. ಮೂರಕ್ಕೂ ಬೇರೆಬೇರೆಯಾಗಿ ಆಕಾರ, ಬೆಳಕು, ವಿನ್ಯಾಸ ಅಳೆಯಬಹುದು. ಫಾರ್ಮ್ ಫ್ಯಾಕ್ಟರ್ ಎಂದರೆ 4π × ವಿಸ್ತೀರ್ಣ ÷ ಪರಿಧಿಯ ವರ್ಗ. ಪೂರ್ಣ ವೃತ್ತಕ್ಕೆ 1. ಲಿಂಫೋಸೈಟ್‌ನ ನ್ಯೂಕ್ಲಿಯಸ್ ಅದರ ಹತ್ತಿರ ನಿಲ್ಲುತ್ತದೆ, ಹಾಲೆಗಳಿರುವವು ಬಹಳ ಕೆಳಗಿಳಿಯುತ್ತವೆ. ಆಕಾರದಲ್ಲಿ ಒಳಬಾಗು ಎಷ್ಟಿದೆ ಎಂದು ತೋರಿಸುವ ಸಾಲಿಡಿಟಿ ಮೊನೊಸೈಟ್‌ನ ಬಾಗಿದ ನ್ಯೂಕ್ಲಿಯಸ್‌ನ್ನು ಹಿಡಿಯಲು ಒಳ್ಳೆಯದು. ಕ್ಯಾಲ್ಕ್ಯುಲೇಟ್ ಮ್ಯಾತ್‌ನಲ್ಲಿ ನ್ಯೂಕ್ಲಿಯಸ್‌ನ ವಿಸ್ತೀರ್ಣವನ್ನು ಕೋಶದ ವಿಸ್ತೀರ್ಣದಿಂದ ಭಾಗಿಸಿದರೆ ಲ್ಯಾಬ್‌ನವರು ಕಣ್ಣಳತೆಯಲ್ಲಿ ಹೇಳುವ ಅನುಪಾತ ಅಂಕಿಯಾಗಿ ಸಿಗುತ್ತದೆ. ಇಯೊಸಿನೊಫಿಲ್‌ಗೆ ಸೈಟೋಪ್ಲಾಸಂನ ಸರಾಸರಿ ಕೆಂಪು ಮತ್ತು ನೀಲಿಯ ಅನುಪಾತವೇ ಅರ್ಧ ಕೆಲಸ ಮುಗಿಸುತ್ತದೆ.

ಮೆಷರ್ ಟೆಕ್ಸ್ಚರ್‌ನಲ್ಲಿ ಎಚ್ಚರ ಬೇಕು. ಡಿಫಾಲ್ಟ್ ಸ್ಕೇಲ್ 3 ಪಿಕ್ಸೆಲ್, ಅಂದರೆ ನಮ್ಮ ಅಳತೆಯಲ್ಲಿ 0.2 ಮೈಕ್ರಾನ್. ಲೆನ್ಸ್‌ಗೇ ಕಾಣದಷ್ಟು ಚಿಕ್ಕದು. ಅಲ್ಲಿ ಅಳೆಯುವುದು ಕ್ಯಾಮೆರಾದ ಗದ್ದಲವನ್ನು. ಇಯೊಸಿನೊಫಿಲ್‌ನ ಗ್ರಾನ್ಯೂಲ್‌ಗಳು ಅರ್ಧದಿಂದ ಒಂದು ಮೈಕ್ರಾನ್, ಆದ್ದರಿಂದ ಸ್ಕೇಲ್ 8ರಿಂದ 12 ಇರಲಿ. ಒಂದು ಸ್ಕೇಲ್‌ಗೆ ಹರಾಲಿಕ್ ಎಂಬ 13 ವಿನ್ಯಾಸದ ಅಳತೆಗಳು, ನಾಲ್ಕು ದಿಕ್ಕು, ಮೂರು ಚಾನೆಲ್ ಎಂದರೆ 156 ಕಾಲಂ. ಸ್ಮಿಯರ್‌ನಲ್ಲಿ ಕಣ ಯಾವ ಕಡೆ ತಿರುಗಿ ಬಿದ್ದಿದೆ ಎಂಬುದಕ್ಕೆ ಅರ್ಥವಿಲ್ಲದ ಕಾರಣ ನಾಲ್ಕು ದಿಕ್ಕಿನ ಸರಾಸರಿ ತೆಗೆದುಬಿಡಿ, 39 ಉಳಿಯುತ್ತದೆ.

ಯಾವ ಕಣವನ್ನು ಯಾವ ಗೆರೆಯೊಳಗೆ ಅಳೆದದ್ದು ಎಂದು ಪ್ರತಿ ಹೆಜ್ಜೆಯಲ್ಲೂ ಕಣ್ಣಾರೆ ನೋಡಬಹುದು. ಟೆಸ್ಟ್ ಮೋಡ್‌ನಲ್ಲಿ ಕಣ್ಣಿನ ಗುರುತು ತೆರೆದಿಟ್ಟು ಒಂದೊಂದೇ ಮಾಡ್ಯೂಲ್ ನಡೆಸುವ ಸೌಕರ್ಯ ಮನಸ್ಸು ತುಂಬುವಂಥದ್ದು. ನರಜಾಲವೊಂದು ಉತ್ತರ ಮಾತ್ರ ಕೊಟ್ಟು ಸುಮ್ಮನಾದರೆ ತಪ್ಪು ಎಲ್ಲಿ ಎಂದು ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ. ಕಲಿಸುವವರಿಗೆ ಈ ಒಂದು ಗುಣಕ್ಕಾಗಿಯೇ ಇದನ್ನು ಶಿಫಾರಸು ಮಾಡಬಹುದು.

ಫೋಕಸ್ ತಪ್ಪಿದ ಚಿತ್ರಗಳನ್ನು ತೆಗೆಯಲು ಮೆಷರ್ ಇಮೇಜ್ ಕ್ವಾಲಿಟಿ ಮತ್ತು ಫ್ಲ್ಯಾಗ್ ಇಮೇಜ್ ಸಾಕು. 1.25 ಎನ್‌ಎಯಲ್ಲಿ ಫೋಕಸ್‌ನ ಆಳ ಸುಮಾರು ಅರ್ಧ ಮೈಕ್ರಾನ್ ಮಾತ್ರ. ಮೊದಲ ಮಾಡ್ಯೂಲ್ ಕೊಡುವ ಪವರ್ ಲಾಗ್-ಲಾಗ್ ಸ್ಲೋಪ್ ಎಂಬ ಅಳತೆ ಹೆಚ್ಚು ಋಣವಾದಷ್ಟೂ ಚಿತ್ರ ಮಬ್ಬು.

ವಿಂಗಡಣೆ

ಇದಕ್ಕೆ ಜೊತೆ ತಂತ್ರಾಂಶ ಸೆಲ್‌ಪ್ರೊಫೈಲರ್ ಅನಲಿಸ್ಟ್. ಎಕ್ಸ್‌ಪೋರ್ಟ್ ಟು ಡೇಟಾಬೇಸ್‌ನಿಂದ ಎಸ್‌ಕ್ಯುಲೈಟ್ ಕಡತವನ್ನೂ ಪ್ರಾಪರ್ಟೀಸ್ ಕಡತವನ್ನೂ ಬರೆಸಿ, ಅನಲಿಸ್ಟ್‌ನಲ್ಲಿ ತೆರೆದು, ಕಣಗಳ ತುಣುಕು ಚಿತ್ರಗಳನ್ನು ಎಳೆದೆಳೆದು ಡಬ್ಬಿಗಳಿಗೆ ಹಾಕಬೇಕು. ರ‍್ಯಾಂಡಮ್ ಫಾರೆಸ್ಟ್‌ನಂಥ ಕ್ಲಾಸಿಫೈಯರ್‌ಗಳು (ಉದಾಹರಣೆ ನೋಡಿ ವಿಂಗಡಿಸಲು ಕಲಿಯುವ ಕ್ರಮಗಳು) ಒಳಗೇ ಇವೆ. ಎರಡು ಕಡೆ ಕೈ ಹಾಕಲೇಬೇಕು. ಪ್ರಾಪರ್ಟೀಸ್ ಕಡತದಲ್ಲಿ ಇಮೇಜ್ ಟೈಲ್ ಸೈಜ್ ಡಿಫಾಲ್ಟ್ ಆಗಿ 50 ಪಿಕ್ಸೆಲ್. 190 ಪಿಕ್ಸೆಲ್‌ನ ಕಣದಲ್ಲಿ ಅದು ನ್ಯೂಕ್ಲಿಯಸ್‌ನ ಒಂದು ಮೂಲೆಯನ್ನಷ್ಟೇ ತೋರಿಸುತ್ತದೆ. 250 ಮಾಡಿ. ಹಾಗೆಯೇ ಕಣದ ಎಕ್ಸ್, ವೈ ಸ್ಥಾನ, ಆಬ್ಜೆಕ್ಟ್ ಸಂಖ್ಯೆ ಇಂಥ ಕಾಲಂಗಳನ್ನು ಕ್ಲಾಸಿಫೈಯರ್ ನೋಡದಂತೆ ಹೊರಗಿಡಬೇಕು. ಚಿತ್ರ ತೆಗೆದವರು ಬಿಳಿ ಕಣವನ್ನು ನಡುವಿಗೆ ತಂದು ತೆಗೆದಿದ್ದರೆ ಸ್ಥಾನವೇ ಸುಳಿವಾಗಿಬಿಡುತ್ತದೆ.

ಬೇಸೊಫಿಲ್ ಇಲ್ಲಿ ದೊಡ್ಡ ತಲೆನೋವು. ಅದರ ಗಾಢ ಗ್ರಾನ್ಯೂಲ್‌ಗಳು ನ್ಯೂಕ್ಲಿಯಸ್‌ನ ಮೇಲೆಯೇ ಕವಿದಿರುತ್ತವೆ. ಥ್ರೆಷೋಲ್ಡ್ ಎರಡನ್ನೂ ಒಂದೇ ಮುದ್ದೆಯಾಗಿ ಹಿಡಿಯುವುದರಿಂದ ನ್ಯೂಕ್ಲಿಯಸ್-ಕೋಶದ ಅನುಪಾತ 1ರ ಹತ್ತಿರ ಹೋಗಿ ಲಿಂಫೋಸೈಟ್ ಎಂದು ತೀರ್ಮಾನವಾಗುತ್ತದೆ. ಟೆಕ್ಸ್ಚರ್ ಅಳತೆಗಳಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. ರಕ್ತದಲ್ಲಿ ಅದರ ಪಾಲು 1%ಕ್ಕಿಂತ ಕಡಿಮೆ. ಒಂದನ್ನೂ ಗುರುತಿಸದ ಕ್ಲಾಸಿಫೈಯರ್ ಕೂಡ 99% ನಿಖರತೆ ತೋರಿಸಬಹುದು. ಒಟ್ಟು ನಿಖರತೆಯನ್ನು ನೋಡಬೇಡಿ, ಬಗೆಬಗೆಗೆ ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು ಎಂಬ ಕೋಷ್ಟಕ ನೋಡಿ.

ಬ್ಲಾಸ್ಟ್ (ಬಲಿಯದ ಕಣ), ರಿಯಾಕ್ಟಿವ್ ಲಿಂಫೋಸೈಟ್ (ಸೋಂಕಿನಂಥದ್ದಕ್ಕೆ ಎಚ್ಚೆತ್ತದ್ದು), ಬ್ಯಾಂಡ್ ರೂಪ (ಹಾಲೆಯೊಡೆಯದ ಎಳೆಯ ನ್ಯೂಟ್ರೋಫಿಲ್) ಇವುಗಳನ್ನು ಬೇರ್ಪಡಿಸಲು ಈ ಅಳತೆಗಳನ್ನು ನಂಬಬಾರದು. ಬ್ಯಾಂಡ್ ಯಾವುದು, ಹಾಲೆಯೊಡೆದದ್ದು ಯಾವುದು ಎಂಬುದರಲ್ಲಿ ಅನುಭವಿ ಕಣ್ಣುಗಳೇ ಒಪ್ಪುವುದಿಲ್ಲ. ಆಸ್ಪತ್ರೆಗಳಲ್ಲಿ ಬಳಸುವ ಸೆಲ್ಲಾವಿಷನ್‌ನಂಥ ಯಂತ್ರಗಳೂ ಮೊದಲ ವಿಂಗಡಣೆಯನ್ನಷ್ಟೇ ಮಾಡಿ ಕಣಗಳನ್ನು ತಜ್ಞರ ಮುಂದಿಡುತ್ತವೆ, ತೀರ್ಪು ಅವರದೇ.

ಕಲಿಸಲು ಚಿತ್ರಗಳು ಬೇಕಿದ್ದವರಿಗೆ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್‌ನಿಂದ 2020ರಲ್ಲಿ ಬಂದ ಸಂಗ್ರಹ ಒಳ್ಳೆಯದು: 8 ಬಗೆಗಳ 17,092 ಬಿಡಿ ಕಣಗಳ ಚಿತ್ರಗಳು, 360×363 ಪಿಕ್ಸೆಲ್, ಮೇ-ಗ್ರೂನ್‌ವಾಲ್ಡ್ ಜೀಮ್ಸಾ ಸ್ಟೇನ್. ಬೇಸೊಫಿಲ್‌ಗಳೇ 1,218 ಇವೆ, ಬೇರೆಲ್ಲೂ ಸುಲಭವಾಗಿ ಸಿಗದ ಸಂಖ್ಯೆ. ಆದರೆ ಅವೆಲ್ಲ ಸೆಲ್ಲಾವಿಷನ್ ಡಿಎಂ96 ಎಂಬ ಒಂದೇ ಬಗೆಯ ಯಂತ್ರದಲ್ಲಿ ತೆಗೆದವು, ಕಡತಗಳು ಜೆಪೆಗ್‌ನಲ್ಲಿವೆ. ಅದರಲ್ಲಿ ಕಲಿತ ಥ್ರೆಷೋಲ್ಡ್‌ಗಳನ್ನೂ ಟೆಕ್ಸ್ಚರ್ ಮಿತಿಗಳನ್ನೂ ನಿಮ್ಮ ಸೂಕ್ಷ್ಮದರ್ಶಕಕ್ಕೆ ನೇರವಾಗಿ ತರಬೇಡಿ. ಬಿಸಿಸಿಡಿ ಎಂಬ ಇನ್ನೊಂದು ರಕ್ತಕಣ ಚಿತ್ರಗಳ ಸಂಗ್ರಹದಲ್ಲಿ 364 ಚಿತ್ರಗಳಿವೆ; ಅಂಥ ಕೆಲವೇ ನೂರು ಮೂಲ ಚಿತ್ರಗಳನ್ನು ತಿರುಗಿಸಿ, ಸರಿಸಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಾಡಿದ ರೂಪವೂ ಹರಿದಾಡುತ್ತಿದೆ. ಒಂದೇ ಕಣದ ನಕಲುಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋದರೆ ಬರುವ ಅಂಕ ಹುಸಿ. ಸ್ವಂತ ಚಿತ್ರಗಳಲ್ಲೂ ಇದೇ ನಿಯಮ: ಕಣಗಳನ್ನು ಕಲಸಿ ಹಂಚಬೇಡಿ, ರೋಗಿಯ ಅಥವಾ ಸ್ಲೈಡ್‌ನ ಮಟ್ಟದಲ್ಲಿ ಬೇರೆ ಮಾಡಿ. ಅದಕ್ಕೆ ಅನುಕೂಲವಾಗುವಂತೆ ಕಡತದ ಹೆಸರಿನಲ್ಲೇ ಸ್ಲೈಡ್ ಸಂಖ್ಯೆ ಇಟ್ಟು ಮೆಟಾಡೇಟಾ ಮಾಡ್ಯೂಲ್‌ನಿಂದ ತೆಗೆಯಿರಿ.

ಫಲವನ್ನು ಕೈ ಎಣಿಕೆಯ ಜೊತೆ ಹೋಲಿಸುವಾಗ ಎಣಿಕೆಗೇ ಇರುವ ಅಲುಗಾಟವನ್ನು ಮರೆಯಬಾರದು. 100 ಕಣಗಳಲ್ಲಿ 5 ಇಯೊಸಿನೊಫಿಲ್ ಸಿಕ್ಕರೆ, 95% ಭರವಸೆಯ ವ್ಯಾಪ್ತಿ ಸುಮಾರು 2%ರಿಂದ 11%. ಇಬ್ಬರು ತಲಾ 200 ಕಣ ಎಣಿಸಿದ 400ರ ಜೊತೆ ಹೋಲಿಸುವುದು ನ್ಯಾಯ. ಗೆರೆಗಳ ಪರೀಕ್ಷೆಗೆ ಕೈಯಿಂದ ಎಳೆದ ಗೆರೆಗಳನ್ನು ಕೊಟ್ಟು ಮೆಷರ್ ಆಬ್ಜೆಕ್ಟ್ ಓವರ್‌ಲ್ಯಾಪ್ ಓಡಿಸಿ. ಐದು ಬಗೆಗಳಿಗೂ ಬೇರೆಬೇರೆಯಾಗಿ ನೋಡಿ. ಲಿಂಫೋಸೈಟ್‌ನ ಚೆಂದದ ಅಂಕ ನ್ಯೂಟ್ರೋಫಿಲ್‌ನ ಹರಕನ್ನು ಸರಾಸರಿಯಲ್ಲಿ ಮುಚ್ಚಿಬಿಡುತ್ತದೆ.

ಇಡೀ ಸ್ಲೈಡ್ ಸ್ಕ್ಯಾನ್ ಮಾಡಿದ ದೊಡ್ಡ ಕಡತಗಳಿದ್ದರೆ ಇದನ್ನು ಹಿಡಿಯಬೇಡಿ. ಅವುಗಳನ್ನು ತುಂಡು ತುಂಡಾಗಿ ತೆರೆಯುವ ಕೆಲಸಕ್ಕೆ ಕ್ಯೂಪಾತ್ ಹುಟ್ಟಿದೆ. ಅಲ್ಲಿ ಬಿಳಿ ಕಣ ಇರುವ ತುಂಡುಗಳನ್ನು ಆರಿಸಿ ಟಿಫ್ ಆಗಿ ಹೊರತೆಗೆದು, ಅಳತೆಗೆ ಮಾತ್ರ ಸೆಲ್‌ಪ್ರೊಫೈಲರ್‌ಗೆ ತನ್ನಿ. ಆರಿಸುವಾಗ ಸ್ಮಿಯರ್‌ನ ಬಾಲದ ತುದಿಯನ್ನೂ ಅಂಚುಗಳನ್ನೂ ಬಿಡಬೇಕು; ಮೊನೊಸೈಟ್‌ನಂಥ ದೊಡ್ಡ ಕಣಗಳು ಅಲ್ಲಿಗೆ ಸರಿದು ಗುಂಪಾಗಿರುತ್ತವೆ, ಶೇಕಡಾವಾರು ಅಲ್ಲಿಯೇ ತಪ್ಪುತ್ತದೆ.